ಫೈಟಿಂಗ್ ಗೇಮ್, ಸ್ಪೋರ್ಟ್ಸ್ ಗೇಮ್: ಪ್ರಕಾರವನ್ನು ಗುರುತಿಸುವುದು ಹೇಗೆ?

ನಮಸ್ಕಾರ. ‘ಸ್ಟ್ರೀಟ್ ಫೈಟರ್ 6’ ಮತ್ತು ‘ಇಎ ಸ್ಪೋರ್ಟ್ಸ್ ಯುಎಫ್‌ಸಿ 5’ ಎಂಬ ಎರಡು ಗೇಮ್‌ಗಳಿಂದ ಶುರುಮಾಡೋಣ. ಎರಡೂ 2023ರಲ್ಲಿ ಬಂದವು. ಎರಡರಲ್ಲೂ ಎದುರುಬದುರು ನಿಂತ ಇಬ್ಬರು ಗುದ್ದುತ್ತಾರೆ, ಒದೆಯುತ್ತಾರೆ, ಹಿಡಿದು ಕೆಡವುತ್ತಾರೆ. ಎರಡರಲ್ಲೂ ಸುತ್ತುಗಳಿವೆ, ಗಡಿಯಾರವಿದೆ. ಆದರೂ ಮೊದಲನೆಯದು ಫೈಟಿಂಗ್ ಗೇಮ್ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಎರಡನೆಯದು ಯುಎಫ್‌ಸಿ ಎಂಬ ಸಂಸ್ಥೆ ನಡೆಸುವ ನಿಜವಾದ ಕಾದಾಟದ ಪಂದ್ಯಗಳ ಗೇಮ್; ಅದನ್ನು ಎಲ್ಲಿಡಬೇಕು ಎಂದು ಕೇಳಿದರೆ ಇಬ್ಬರು ಆಟಗಾರರು ಒಂದೇ ಉತ್ತರ ಕೊಡುವುದು ಕಷ್ಟ. ಈ ಗೊಂದಲಕ್ಕೆ ಆಟಗಾರರ ಹಟ ಕಾರಣವಲ್ಲ. ‘ಫೈಟಿಂಗ್’, ‘ಸ್ಪೋರ್ಟ್ಸ್’ ಎಂಬ ಹೆಸರುಗಳು ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳೇ ಅಲ್ಲ. ಮೊದಲನೆಯದು ಗೇಮ್ ಹೇಗೆ ನಡೆಯುತ್ತದೆ ಎಂದು ಹೇಳುತ್ತದೆ, ಎರಡನೆಯದು ಅದು ಯಾವುದರ ಬಗ್ಗೆ ಎಂದು ಹೇಳುತ್ತದೆ.

ದಾಸರ ಪದಗಳನ್ನು ರಾಗದ ಪ್ರಕಾರವೂ ಜೋಡಿಸಬಹುದು, ವಿಷಯದ ಪ್ರಕಾರವೂ ಜೋಡಿಸಬಹುದು. ಒಂದೇ ಸೂಚಿಯಲ್ಲಿ ಅರ್ಧ ರಾಗಗಳ ಹೆಸರು, ಅರ್ಧ ವಿಷಯಗಳ ಹೆಸರು ಹಾಕಿದರೆ ಏನಾಗುತ್ತದೆ? ‘ಕಲ್ಯಾಣಿ’ ಒಂದು ವಿಭಾಗ, ‘ಕೃಷ್ಣನ ಬಾಲಲೀಲೆ’ ಇನ್ನೊಂದು ವಿಭಾಗ. ಕಲ್ಯಾಣಿಯಲ್ಲಿ ಹಾಡುವ ಬಾಲಲೀಲೆಯ ಪದ ಎಲ್ಲಿಗೆ ಹೋಗಬೇಕು ಎಂದು ಜಗಳ ಶುರುವಾಗುತ್ತದೆ. ವಿಡಿಯೊ ಗೇಮ್ ಪ್ರಕಾರಗಳ ಪಟ್ಟಿ ಇಂಥದೇ ಬೆರಕೆ ಸೂಚಿ.

ಮೊದಲು ಫೈಟಿಂಗ್ ಗೇಮ್‌ನ ಒಳಗೆ ಹೋಗೋಣ, ಏಕೆಂದರೆ ಅಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಈ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತವೆ. ಒಂದು ಫ್ರೇಮ್ ಎಂದರೆ ಪರದೆಯ ಮೇಲೆ ಬಂದುಹೋಗುವ ಒಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡು. ಪ್ರತಿ ಹೊಡೆತಕ್ಕೂ ಮೂರು ಭಾಗ. ಬಟನ್ ಒತ್ತಿದ ಮೇಲೆ ಕೈ ಚಾಚುವವರೆಗಿನ ಸ್ಟಾರ್ಟಪ್, ಹೊಡೆತ ತಾಗಬಲ್ಲ ಆ್ಯಕ್ಟಿವ್, ಕೈ ಹಿಂದಕ್ಕೆ ಬರುವ ರಿಕವರಿ. ‘ಸ್ಟ್ರೀಟ್ ಫೈಟರ್ 6’ನಲ್ಲಿ ಅತಿ ವೇಗದ ಸಾಮಾನ್ಯ ಗುದ್ದು ನಾಲ್ಕನೇ ಫ್ರೇಮ್‌ನಲ್ಲಿ ತಾಗುತ್ತದೆ. ಕಾಣುವ ಚಿತ್ರದ ಹಿಂದೆ ಕಾಣದ ಪೆಟ್ಟಿಗೆಗಳಿರುತ್ತವೆ. ಹೊಡೆಯುವ ಭಾಗದ್ದು ಹಿಟ್‌ಬಾಕ್ಸ್, ಪೆಟ್ಟು ತಿನ್ನುವ ದೇಹದ್ದು ಹರ್ಟ್‌ಬಾಕ್ಸ್. ಇವೆರಡು ಒಂದರ ಮೇಲೊಂದು ಬಿದ್ದ ಫ್ರೇಮ್‌ನಲ್ಲಿ ಪೆಟ್ಟು ಬಿತ್ತೆಂದು ಲೆಕ್ಕ. ಮುಷ್ಟಿ ಮುಖಕ್ಕೆ ತಾಗಿದಂತೆ ಕಂಡಿತೇ ಇಲ್ಲವೇ ಎಂಬುದು ಮುಖ್ಯವಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ನೀವು ಕಾಲು ಬೀಸಿ ಒದ್ದಿರಿ, ಎದುರಾಳಿ ತಡೆದ. ಆ ಒದೆತ ‘ತಡೆದರೆ ಮೈನಸ್ 12’ ಎಂದಿದ್ದರೆ ನಿಮಗಿಂತ 12 ಫ್ರೇಮ್ ಮೊದಲೇ ಅವನ ಕೈ ಬಿಡುವಾಗುತ್ತದೆ. ಅಷ್ಟರೊಳಗೆ ನಿಮ್ಮನ್ನು ಮುಟ್ಟುವ ಅವನ ಯಾವ ಹೊಡೆತವಿದ್ದರೂ ನಿಮಗೆ ಬಿದ್ದೇ ಬೀಳುತ್ತದೆ; ಬಟನ್ ಎಷ್ಟು ಬೇಗ ಒತ್ತಿದರೂ ಪ್ರಯೋಜನವಿಲ್ಲ. ಹೊಸಬರು ಇಲ್ಲಿಯೇ ಎಡವುತ್ತಾರೆ. ಸೋತದ್ದು ಕೈ ನಿಧಾನವಾಗಿದ್ದಕ್ಕೆ ಎಂದುಕೊಂಡು ಇನ್ನಷ್ಟು ವೇಗವಾಗಿ ಒತ್ತತೊಡಗುತ್ತಾರೆ. ನಿಜವಾಗಿ ಆದದ್ದು ಸರದಿ ಮುಗಿದ ಮೇಲೂ ಒತ್ತಿದ್ದು. ಫೈಟಿಂಗ್ ಗೇಮ್ ಪಾಠದ ಅರ್ಧ ಭಾಗ ಈ ಸರದಿಯನ್ನು ಗುರುತಿಸುವುದೇ.

ಇನ್ನರ್ಧ ಊಹೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು, ಅಂದರೆ 12ರಿಂದ 15 ಫ್ರೇಮ್. ಕುಳಿತು ತಡೆಯುವವನ ತಲೆಯ ಮೇಲೆ ಬೀಳುವ ಓವರ್‌ಹೆಡ್ ಹೊಡೆತಕ್ಕೆ ಸುಮಾರು 20 ಫ್ರೇಮ್ ಸ್ಟಾರ್ಟಪ್ ಇಟ್ಟಿರುವುದು ಕಾದಿದ್ದವನಿಗೆ ಮಾತ್ರ ಕಾಣಲಿ ಎಂದು. ನಾಲ್ಕು ಫ್ರೇಮ್‌ನ ಗುದ್ದನ್ನು ನೋಡಿ ತಡೆಯುವುದು ಯಾರಿಂದಲೂ ಆಗದು; ಅದನ್ನು ಮೊದಲೇ ಊಹಿಸಿ ತಡೆಯಬೇಕು. ತಡೆದವನನ್ನು ಹಿಡಿದು ಎಸೆಯಬಹುದು, ಹಿಡಿಯಲು ಬಂದವನನ್ನು ಗುದ್ದಬಹುದು, ಗುದ್ದಲು ಬಂದವನನ್ನು ತಡೆಯಬಹುದು. ಈ ಮೂರರ ಸುತ್ತು ಎಲ್ಲ ಫೈಟಿಂಗ್ ಗೇಮ್‌ಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ.

ಹಾಗಾಗಿಯೇ ಇಲ್ಲಿ ವಿಷಯ ಬದಲಾದರೂ ಪ್ರಕಾರ ಬದಲಾಗುವುದಿಲ್ಲ. 1993ರ ‘ಸಮುರಾಯ್ ಶೋಡೌನ್’ನಲ್ಲಿ ಕತ್ತಿ ಬಂತು. ಅದೇ ವರ್ಷದ ‘ವರ್ಚುವ ಫೈಟರ್’ ಮೂರು ಆಯಾಮಕ್ಕೆ ಹೋಗಿ ಗುದ್ದು, ಒದೆ, ತಡೆ ಎಂಬ ಮೂರೇ ಬಟನ್‌ಗೆ ಇಳಿಯಿತು. ಕಣದಿಂದ ಹೊರಗೆ ಬಿದ್ದರೂ ಸೋಲು ಎಂದಿತು. 1994ರ ‘ಟೆಕ್ಕನ್’ ಎರಡು ಕೈ, ಎರಡು ಕಾಲಿಗೆ ಒಂದೊಂದು ಬಟನ್ ಕೊಟ್ಟಿತು. ‘ಮಾರ್ಟಲ್ ಕಾಂಬ್ಯಾಟ್’ನಲ್ಲಿ ತಡೆಯಲೆಂದೇ ಒಂದು ಬಟನ್. ಇಷ್ಟೆಲ್ಲ ವ್ಯತ್ಯಾಸವಿದ್ದರೂ ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ಅಂತರ, ಸರದಿ, ತಪ್ಪಿದ ಹೊಡೆತಕ್ಕೆ ದಂಡ ಎಂಬ ತಿಳಿವಳಿಕೆಯನ್ನು ಜೊತೆಗೇ ತರುತ್ತಾರೆ. ಕೌಶಲ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆಯೇ? ಪ್ರಕಾರವನ್ನು ಗುರುತಿಸಲು ನಮಗೆ ಗೊತ್ತಿರುವ ಅತಿ ವಿಶ್ವಾಸಾರ್ಹ ಪರೀಕ್ಷೆ ಇದು.

ಪ್ರಕಾರದ ವ್ಯಾಖ್ಯೆ ಗೇಮ್‌ಗಿಂತ ಮೊದಲೇ ಹುಟ್ಟಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇವತ್ತು ಕಾಂಬೊ, ಅಂದರೆ ಒಂದರ ಬೆನ್ನಿಗೊಂದು ಪೋಣಿಸಿದ ಹೊಡೆತಗಳ ಸರಣಿ, ಇಲ್ಲದ ಫೈಟಿಂಗ್ ಗೇಮ್ ಅಪರೂಪ. ಆದರೆ 1991ರಲ್ಲಿ ಕ್ಯಾಪ್‌ಕಾಮ್ ‘ಸ್ಟ್ರೀಟ್ ಫೈಟರ್ II’ ಮಾಡುವಾಗ ಅದು ಯೋಜನೆಯಲ್ಲಿ ಇರಲಿಲ್ಲ. ಕಾರು ಒಡೆಯುವ ಬೋನಸ್ ಹಂತವನ್ನು ಪರೀಕ್ಷಿಸುವಾಗ ಒಂದು ಹೊಡೆತದ ಬೆನ್ನಿಗೇ ಇನ್ನೊಂದನ್ನು ಸೇರಿಸಬಹುದು ಎಂಬುದು ನಿರ್ಮಾಪಕ ನೊರಿಟಾಕ ಫುನಾಮಿಜು ಅವರ ಗಮನಕ್ಕೆ ಬಂತು. ಅದಕ್ಕೆ ಬೇಕಾದ ಸಮಯದ ನಿಖರತೆ ಎಷ್ಟಿತ್ತೆಂದರೆ ಸಾಮಾನ್ಯ ಆಟಗಾರರಿಗೆ ಇದು ದಕ್ಕಲಾರದು ಎಂದು ಅದನ್ನು ಹಾಗೇ ಬಿಟ್ಟರು. ಆಟಗಾರರು ಅದನ್ನು ಪತ್ತೆ ಮಾಡಿ ಗೇಮ್‌ನ ಹೃದಯವನ್ನಾಗಿ ಮಾಡಿಕೊಂಡರು. ಹೆಸರುಗಳೂ ಹೀಗೆ ತಡವಾಗಿಯೇ ನೆಲೆ ನಿಂತವು. ಗುಂಪುಗುಂಪಾಗಿ ಬರುವ ರೌಡಿಗಳನ್ನು ಬಡಿಯುತ್ತ ಮುಂದೆ ಸಾಗುವ ‘ಫೈನಲ್ ಫೈಟ್’ ಅನ್ನು ಕ್ಯಾಪ್‌ಕಾಮ್ ಮೊದಲು ‘ಸ್ಟ್ರೀಟ್ ಫೈಟರ್ ’89’ ಎಂದೇ ಪ್ರದರ್ಶಿಸಿತ್ತು. ಇದು ಆ ಗೇಮ್‌ನ ಮುಂದುವರಿಕೆ ಅಲ್ಲವಲ್ಲ ಎಂದು ಆರ್ಕೇಡ್ (ನಾಣ್ಯ ಹಾಕಿ ಆಡುವ ಗೇಮ್ ಯಂತ್ರಗಳ ಅಂಗಡಿ) ನಡೆಸುವವರು ಹೇಳಿದ ಮೇಲೆ ಹೆಸರು ಬದಲಾಯಿತು. ಇಂದು ಅದು ‘ಬೀಟ್ ಎಮ್ ಅಪ್’ ಎಂಬ ಬೇರೆಯೇ ಗುಂಪಿನಲ್ಲಿದೆ.

ಈಗ ಸ್ಪೋರ್ಟ್ಸ್ ಗೇಮ್‌ಗೆ ಬನ್ನಿ. ಮೇಲಿನ ಪರೀಕ್ಷೆ ಇಲ್ಲಿ ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ. ಫುಟ್‌ಬಾಲ್ ಗೇಮ್‌ನಲ್ಲಿ ವರ್ಷಗಟ್ಟಲೆ ಪಳಗಿದವರ ಕೈಗೆ ಕ್ರಿಕೆಟ್ ಗೇಮ್ ಕೊಡಿ. ಅವರು ತರುವ ಕೌಶಲ ಹೆಚ್ಚುಕಡಿಮೆ ಏನೂ ಇಲ್ಲ. ಫುಟ್‌ಬಾಲ್ ಗೇಮ್ ಬಿಡುವಿಲ್ಲದ ಚಲನೆಯ ಗೇಮ್. ಹನ್ನೊಂದರಲ್ಲಿ ಒಬ್ಬನನ್ನು ನೀವು ಓಡಿಸುತ್ತೀರಿ, ಹತ್ತು ಜನರನ್ನು ಕಂಪ್ಯೂಟರ್ ಓಡಿಸುತ್ತದೆ, ಕ್ಷಣಕ್ಷಣಕ್ಕೂ ಬಟನ್ ಒತ್ತಿ ಒಬ್ಬನಿಂದ ಇನ್ನೊಬ್ಬನಿಗೆ ಹಾರುತ್ತೀರಿ. ಕ್ರಿಕೆಟ್ ಗೇಮ್ ಚೆಂಡಿಗೊಮ್ಮೆ ನಿಲ್ಲುತ್ತದೆ. ಬೌಲರ್ ಆದರೆ ಪಿಚ್ ಮೇಲೆ ಗುರುತು ಇಟ್ಟು, ಬಗೆ ಆರಿಸಿ, ಮೀಟರ್ ಸರಿಯಾದ ಜಾಗಕ್ಕೆ ಬಂದಾಗ ಒತ್ತಬೇಕು. ಬ್ಯಾಟರ್ ಆದರೆ ಮುಂದಡಿಯೋ ಹಿಂದಡಿಯೋ, ಯಾವ ದಿಕ್ಕು, ಯಾವ ಕ್ಷಣ ಎಂದು ತೀರ್ಮಾನಿಸಬೇಕು. 2006ರ ಕೊನೆಗೆ ಬಂದ ‘ಕ್ರಿಕೆಟ್ 07’ ಹೊಡೆತದ ದಿಕ್ಕನ್ನು ಕಂಟ್ರೋಲರ್‌ನ ಬಲ ಸ್ಟಿಕ್‌ಗೆ ಕೊಟ್ಟು ಅದನ್ನು ‘ಸೆಂಚುರಿ ಸ್ಟಿಕ್’ ಎಂದು ಕರೆಯಿತು. ಕೈಯ ಕೆಲಸದಲ್ಲಿ ಈ ಎರಡು ಗೇಮ್‌ಗಳನ್ನು ಜೋಡಿಸುವುದು ಏನೂ ಇಲ್ಲ. ಜೋಡಿಸುವುದು ಒಂದೇ ಸಂಗತಿ: ಎರಡರ ನಿಯಮಪುಸ್ತಕವೂ ಗೇಮ್‌ನ ಹೊರಗಿದೆ.

ಇದು ಸಣ್ಣ ಸಂಗತಿಯಲ್ಲ. ಫೈಟಿಂಗ್ ಗೇಮ್‌ನಲ್ಲಿ ಒಂದು ಗುದ್ದು ನಾಲ್ಕು ಫ್ರೇಮ್‌ನದೋ ಐದರದೋ ಎಂಬುದನ್ನು ವಿನ್ಯಾಸಕರು ನಿರ್ಧರಿಸುತ್ತಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಬದಲಿಸುತ್ತಾರೆ. ಅದು ತಪ್ಪು ಎಂದು ಹೇಳಲು ಹೊರಗಿನ ಪ್ರಮಾಣವಿಲ್ಲ. ಟಿ20 ಕ್ರಿಕೆಟ್ ಗೇಮ್‌ನಲ್ಲಿ ನೋಬಾಲ್‌ಗೆ ಫ್ರೀ ಹಿಟ್ ಕೊಡದಿದ್ದರೆ ಯಾವ ಹುಡುಗನೂ ‘ತಪ್ಪು’ ಎನ್ನುತ್ತಾನೆ. ಐಪಿಎಲ್‌ನಲ್ಲಿ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ಬಂದ ಕೂಡಲೇ ಅದಿಲ್ಲದ ಟಿ20 ಗೇಮ್ ಹಳತಾಗಿ ಕಾಣತೊಡಗಿತು. ಗೇಮ್ ಸರಿಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಮೈದಾನದಲ್ಲಿದೆ.

ಆದರೆ ಮೈದಾನವನ್ನು ಇದ್ದ ಹಾಗೇ ಪರದೆಗೆ ತರಲು ಆಗುವುದಿಲ್ಲ. ಈ ಪ್ರಕಾರದ ನಿಜವಾದ ಕುಶಲತೆ ಇರುವುದು ಇಲ್ಲಿ, ಆದರೆ ಅದರ ಬಗ್ಗೆ ಬರೆಯುವವರು ಕಡಿಮೆ. ಫುಟ್‌ಬಾಲ್ ಗೇಮ್‌ನಲ್ಲಿ ಒಂದು ಅರ್ಧ ಸಾಮಾನ್ಯವಾಗಿ ಆರು ನಿಮಿಷ. 45 ನಿಮಿಷದ ಗಡಿಯಾರ ಏಳೂವರೆ ಪಟ್ಟು ವೇಗವಾಗಿ ಓಡುತ್ತದೆ, ಆಟಗಾರರ ಕಾಲು ಮಾತ್ರ ಮಾಮೂಲು ವೇಗದಲ್ಲೇ ಓಡುತ್ತದೆ. ನಿಜವಾದ ಪಂದ್ಯದಷ್ಟೇ ದಟ್ಟವಾಗಿ ಅವಕಾಶಗಳು ಬಂದರೆ ಹನ್ನೆರಡು ನಿಮಿಷದ ಪಂದ್ಯಗಳು ಬಹುಪಾಲು ಗೋಲಿಲ್ಲದೆ ಮುಗಿಯುತ್ತವೆ. ಆದ್ದರಿಂದ ಪಾಸ್‌ಗಳು ನಿಜಕ್ಕಿಂತ ಚೊಕ್ಕವಾಗಿ ತಲುಪಬೇಕು, ದಾಳಿ ಬೇಗ ಗೋಲಿನ ಮುಂದೆ ಬರಬೇಕು, ಗೋಲ್ ಬಾಕ್ಸ್ ಹತ್ತಿರದ ಹೊಡೆತ ಹೆಚ್ಚು ಸಲ ಬಲೆ ಸೇರಬೇಕು. ಅತಿಯಾದರೆ 7–5ರ ಅಂಕಗಳು ಬಂದು ಇದೇನು ಫುಟ್‌ಬಾಲ್ ಎನಿಸುತ್ತದೆ. ಕ್ರಿಕೆಟ್‌ನಲ್ಲಿ ಗಡಿಯಾರ ಓಡಿಸುವ ಉಪಾಯವೇ ಇಲ್ಲ, ಓವರ್‌ಗೆ ಆರು ಚೆಂಡು ಎಂದರೆ ಆರೇ. ಅಲ್ಲಿ ಕತ್ತರಿಸುವುದು ಮಧ್ಯದ ಬಿಡುವನ್ನು. ರನ್‌ಅಪ್, ಫೀಲ್ಡರ್ ಚೆಂಡು ಮರಳಿಸುವುದು, ಓವರ್ ಬದಲಾವಣೆ ಎಲ್ಲವನ್ನೂ ಒಂದು ಬಟನ್‌ನಿಂದ ದಾಟಿಸುತ್ತಾರೆ.

ಬ್ಯಾಟಿಂಗ್‌ನ ತೊಡಕು ಇನ್ನೂ ಚೆನ್ನಾದದ್ದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಕ್ರೀಸಿನಿಂದ ಕ್ರೀಸಿಗೆ ಬರಲು ಅರ್ಧ ಸೆಕೆಂಡೂ ಬೇಕಿಲ್ಲ, ಅಂದರೆ 30 ಫ್ರೇಮ್‌ಗಿಂತ ಕಡಿಮೆ. ನಿಜವಾದ ಬ್ಯಾಟರ್ ಬೌಲರ್‌ನ ಮಣಿಕಟ್ಟು, ತೋಳಿನ ಎತ್ತರ, ಬೆರಳ ಹಿಡಿತ ನೋಡಿ ಚೆಂಡು ಹೊರಡುವ ಮೊದಲೇ ಅರ್ಧ ತೀರ್ಮಾನ ಮಾಡಿರುತ್ತಾರೆ. ಪರದೆಯಲ್ಲಿ ಮಣಿಕಟ್ಟು ನಾಲ್ಕಾರು ಚುಕ್ಕೆಗಳಷ್ಟು ದೊಡ್ಡದು, ಆಳದ ಅಂದಾಜೂ ಸಿಗದು. ಆ ಕೊರತೆ ತುಂಬಲು ಹೆಚ್ಚಿನ ಕ್ರಿಕೆಟ್ ಗೇಮ್‌ಗಳು ಚೆಂಡು ಎಲ್ಲಿ ಬೀಳುತ್ತದೆಂದು ಪಿಚ್ ಮೇಲೆ ಮುಂಚೆಯೇ ಗುರುತು ತೋರಿಸುತ್ತವೆ. ಗುರುತು ಬಹಳ ಬೇಗ ಬಂದರೆ ಬ್ಯಾಟಿಂಗ್ ತೀರಾ ಸಲೀಸು, ಪ್ರತಿ ಓವರ್‌ಗೂ ಮೂರು ಸಿಕ್ಸರ್. ತಡವಾದರೆ ಬರೀ ಜೂಜು. ವಿನ್ಯಾಸಕರು ಇಲ್ಲಿ ಮಾಡುತ್ತಿರುವುದು ಫೈಟಿಂಗ್ ಗೇಮ್‌ನ ಓವರ್‌ಹೆಡ್‌ಗೆ 20 ಫ್ರೇಮ್ ಇಡುವ ಕೆಲಸವನ್ನೇ. ಆದರೂ ಇದನ್ನು ಯಾರೂ ಹಾಗೆ ವಿವರಿಸುವುದಿಲ್ಲ, ಏಕೆಂದರೆ ಸ್ಪೋರ್ಟ್ಸ್ ಗೇಮ್‌ನ ಆಟಗಾರರು ಫ್ರೇಮ್‌ಗಳ ಪಟ್ಟಿ ಓದುವುದಿಲ್ಲ, ಆಟಗಾರನ ರೇಟಿಂಗ್, ಅಂದರೆ ಅವನ ಒಂದೊಂದು ಸಾಮರ್ಥ್ಯಕ್ಕೆ ಗೇಮ್ ಕೊಟ್ಟ ಅಂಕ, ಓದುತ್ತಾರೆ.

ಆ ರೇಟಿಂಗ್ ಎರಡು ಪ್ರಕಾರಗಳ ನಡುವಿನ ಇನ್ನೊಂದು ದೊಡ್ಡ ಗೆರೆ. ಫೈಟಿಂಗ್ ಗೇಮ್‌ನಲ್ಲಿ ಅದೇ ಹೊಡೆತ, ಅದೇ ಸ್ಥಿತಿ ಎಂದರೆ ಅದೇ ಫಲ. ‘ಗಿಲ್ಟಿ ಗಿಯರ್’ ಎಂಬ ಫೈಟಿಂಗ್ ಗೇಮ್‌ನ ಪಾತ್ರ ಫೌಸ್ಟ್ ಏನು ಎಸೆಯುತ್ತಾನೆಂದು ಅವನಿಗೇ ತಿಳಿಯದಂಥ ಅಪವಾದಗಳು ಕೆಲವೇ. ಸ್ಪೋರ್ಟ್ಸ್ ಗೇಮ್‌ನಲ್ಲಿ ಶೂಟಿಂಗ್ 90 ಇರುವವನೂ ಒಮ್ಮೊಮ್ಮೆ ಹೊರಗೆ ಒದೆಯಲೇಬೇಕು, ಇಲ್ಲದಿದ್ದರೆ ಅದು ಫುಟ್‌ಬಾಲ್ ಅಲ್ಲ. ದೇಹದ ಚಲನೆಯೂ ಹಾಗೆಯೇ. ಫೈಟಿಂಗ್ ಗೇಮ್‌ನಲ್ಲಿ ಬಟನ್ ಒತ್ತಿದ ಕೂಡಲೇ ಹೊಡೆತ ಶುರುವಾಗುತ್ತದೆ. ಅದಕ್ಕಾಗಿ ಕಾಲಿನ ಭಂಗಿ ಸಹಜವಾಗಿ ಕಾಣದಿದ್ದರೂ ಚಿಂತೆಯಿಲ್ಲ. ಫುಟ್‌ಬಾಲ್ ಗೇಮ್‌ನಲ್ಲಿ ಓಡುತ್ತಿರುವವನ ಹೆಜ್ಜೆ ನೆಲ ಮುಟ್ಟಿ, ದೇಹ ತಿರುಗಿ, ಆಮೇಲೆ ಕಾಲು ಬೀಸಬೇಕು. ‘ಒತ್ತಿದೆ, ಆದರೆ ತಡವಾಗಿ ಒದ್ದ’ ಎಂಬ ದೂರು ಎಲ್ಲ ಆವೃತ್ತಿಗಳಲ್ಲೂ ಕೇಳಿಬರಲು ಇದು ಒಂದು ಕಾರಣ. ಸಹಜವಾಗಿ ಕಾಣುವುದಕ್ಕೂ ತಕ್ಷಣ ಸ್ಪಂದಿಸುವುದಕ್ಕೂ ನಡುವೆ ಎಳೆದಾಟವಿದೆ, ಈ ಎರಡು ಪ್ರಕಾರಗಳು ಹಗ್ಗದ ಎರಡು ತುದಿಗಳನ್ನು ಹಿಡಿದಿವೆ.

ಈಗ ಯುಎಫ್‌ಸಿ 5ರ ಜಾಗ ಸುಲಭವಾಗಿ ಕಾಣುತ್ತದೆ. ಅದರ ಆಟಗಾರರು ನಿಜವಾದ ವ್ಯಕ್ತಿಗಳು, ಅವರಿಗೆ ರೇಟಿಂಗ್ ಇದೆ, ದಣಿವಿನ ಲೆಕ್ಕವಿದೆ, ದೇಹದ ತೂಕ ಕಾಲಿನಿಂದ ಕಾಲಿಗೆ ವರ್ಗವಾಗುವವರೆಗೆ ಹೊಡೆತ ಕಾಯುತ್ತದೆ, ಸುತ್ತುಗಳು ಮುಗಿದರೆ ತೀರ್ಪುಗಾರರು ಅಂಕ ಕೊಡುತ್ತಾರೆ. ‘ಸ್ಟ್ರೀಟ್ ಫೈಟರ್’ ಕಲಿತವರು ಇಲ್ಲಿಗೆ ಅಂತರದ ಅರಿವನ್ನು ತರಬಲ್ಲರು, ಸರದಿಯ ಲೆಕ್ಕವನ್ನು ತರಲಾರರು. ಅದು ಕುಸ್ತಿ, ಬಾಕ್ಸಿಂಗ್‌ಗಳ ಪಕ್ಕ ಕೂರಬೇಕಾದ ಸ್ಪೋರ್ಟ್ಸ್ ಗೇಮ್ ಎಂದೇ ನಮ್ಮ ಅಭಿಪ್ರಾಯ. ಫೈಟಿಂಗ್ ಗೇಮ್ ವಿಮರ್ಶಕರು ಅದನ್ನು ‘ನಿಧಾನ’ ಎಂದು ತೆಗಳುವಾಗ ತಪ್ಪು ಅಳತೆಗೋಲು ಹಿಡಿದಿರುತ್ತಾರೆ.

ಇತಿಹಾಸವನ್ನು ನೋಡಿದರೆ ಈ ಎರಡೂ ಒಂದೇ ಮನೆಯಿಂದ ಹೊರಟವು. 1976ರಲ್ಲಿ ಸೆಗಾ ತಂದ ‘ಹೆವಿವೇಟ್ ಚಾಂಪ್’ ಬಾಕ್ಸಿಂಗ್ ಗೇಮ್. ಬಟನ್‌ಗಳ ಬದಲು ಯಂತ್ರಕ್ಕೆ ಬಾಕ್ಸಿಂಗ್ ಗ್ಲೌಸ್ ಜೋಡಿಸಿದ್ದರು. 1984ರ ‘ಕರಾಟೆ ಚಾಂಪ್’ನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಜಾಯ್‌ಸ್ಟಿಕ್, ಹಿಂದೆ ತೀರ್ಪುಗಾರ, ಹೊಡೆತದ ಗುಣಕ್ಕೆ ತಕ್ಕಂತೆ ಅರ್ಧ ಅಂಕ ಅಥವಾ ಒಂದು ಅಂಕ. ಅದು ಕರಾಟೆ ಪಂದ್ಯದ ಅನುಕರಣೆ, ಅಪ್ಪಟ ಸ್ಪೋರ್ಟ್ಸ್ ಗೇಮ್. ಅದರ ಬೆನ್ನಿಗೇ ಬಂದ ಕೊನಾಮಿಯ ‘ಯೀ ಆರ್ ಕುಂಗ್ ಫೂ’ ತೀರ್ಪುಗಾರನನ್ನು ತೆಗೆದು ಪೆಟ್ಟು ತಿಂದಂತೆ ಕುಗ್ಗುವ ಶಕ್ತಿಯ ಪಟ್ಟಿ ಇಟ್ಟಿತು, ಎದುರಾಳಿಗಳಿಗೆ ಬಗೆಬಗೆಯ ಆಯುಧ ಕೊಟ್ಟಿತು. ಗೆಲುವನ್ನು ನಿರ್ಧರಿಸುವ ಅಧಿಕಾರ ಹೊರಗಿನ ನಿಯಮದಿಂದ ಗೇಮ್‌ನ ಒಳಗಿನ ಲೆಕ್ಕಕ್ಕೆ ಸರಿದದ್ದು ಹೀಗೆ. ಫೈಟಿಂಗ್ ಗೇಮ್ ಬೇರೆ ಪ್ರಕಾರವಾದದ್ದು ಅಲ್ಲಿಂದ ಎಂದು ನಾವು ಓದುತ್ತೇವೆ.

ಬಾಕ್ಸಿಂಗ್ ಮಾತ್ರ ಎರಡೂ ಕಡೆ ಕಾಲಿಟ್ಟು ನಿಂತಿದೆ. ನಿಂಟೆಂಡೊದ ‘ಪಂಚ್ ಔಟ್’ನಲ್ಲಿ ರಿಂಗ್ ಇದೆ, ರೆಫರಿ ಇದ್ದಾರೆ, ಒಂದೇ ಸುತ್ತಿನಲ್ಲಿ ಮೂರು ಸಲ ಬಿದ್ದರೆ ಪಂದ್ಯ ಮುಗಿಯುತ್ತದೆ. ಆದರೆ ಆಡುವವರು ನಿಜವಾಗಿ ಮಾಡುವುದು ಪ್ರತಿ ಎದುರಾಳಿಯ ಸನ್ನೆಯನ್ನು ಗುರುತಿಟ್ಟುಕೊಂಡು ಸರಿಯಾದ ಬದಿಗೆ ತಪ್ಪಿಸಿಕೊಂಡು ಹೊಡೆಯುವುದು. ಅದು ನೆನಪಿನ ಒಗಟು. 2004ರಲ್ಲಿ ಶುರುವಾದ ‘ಫೈಟ್ ನೈಟ್’ ಸರಣಿ ಬಲ ಸ್ಟಿಕ್ ತಿರುಗಿಸಿದ ಬಗೆಗೆ ತಕ್ಕಂತೆ ಜ್ಯಾಬ್, ಹುಕ್, ಅಪ್ಪರ್‌ಕಟ್ ಕೊಟ್ಟು ಬಾಕ್ಸರ್‌ನ ದೇಹಕ್ಕೆ ಹತ್ತಿರವಾಗಲು ನೋಡಿತು. ಎರಡನ್ನೂ ‘ಬಾಕ್ಸಿಂಗ್ ಗೇಮ್’ ಎಂದು ಒಂದೇ ಕಪಾಟಿನಲ್ಲಿಟ್ಟರೆ ಒಂದನ್ನು ಇಷ್ಟಪಟ್ಟು ಇನ್ನೊಂದನ್ನು ಕೊಂಡವರು ಬೇಸರಪಡುತ್ತಾರೆ.

ನಮ್ಮ ವಾದಕ್ಕೆ ಅಡ್ಡ ಬರುವ ಉದಾಹರಣೆಗಳನ್ನೂ ನೋಡಬೇಕು. 1993ರ ‘ಎನ್‌ಬಿಎ ಜ್ಯಾಮ್’ನಲ್ಲಿ ಇಬ್ಬರ ಮೇಲೆ ಇಬ್ಬರು, ಎದುರಾಳಿಯನ್ನು ದೂಡಿ ಬೀಳಿಸಿದರೂ ಫೌಲ್ ಇಲ್ಲ, ಸತತ ಮೂರು ಬುಟ್ಟಿ ಹಾಕಿದವನ ಕೈಯ ಚೆಂಡಿಗೆ ಬೆಂಕಿ ಹತ್ತುತ್ತದೆ. 2015ರ ‘ರಾಕೆಟ್ ಲೀಗ್’ನಲ್ಲಿ ಕಾರುಗಳು ಹಾರಿ ಚೆಂಡು ಹೊಡೆಯುತ್ತವೆ, ಐದು ನಿಮಿಷ ಮುಗಿದರೂ ಚೆಂಡು ನೆಲ ಮುಟ್ಟುವವರೆಗೆ ಆಟ ನಿಲ್ಲುವುದಿಲ್ಲ. ಇಂಥ ಕ್ರೀಡೆ ಲೋಕದಲ್ಲಿ ಎಲ್ಲೂ ಇಲ್ಲ, ಯಾವ ಮಂಡಳಿಯೂ ಇದರ ನಿಯಮ ಬರೆದಿಲ್ಲ. ಆದರೂ ಇದು ಸ್ಪೋರ್ಟ್ಸ್ ಗೇಮ್ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದ್ದರಿಂದ ‘ಹೊರಗಿನ ನಿಯಮಪುಸ್ತಕ’ ಎಂಬುದನ್ನು ಸ್ವಲ್ಪ ಸಡಿಲಿಸಬೇಕು: ಚೆಂಡು, ಗೋಲು, ತಂಡ, ಅಂಕ ಎಂಬ ಕ್ರೀಡೆಯ ಚೌಕಟ್ಟು ನೋಡಿದ ತಕ್ಷಣ ಅರ್ಥವಾದರೆ ಸಾಕು. ಫೈಟಿಂಗ್ ಕಡೆ ಇಂಥದೇ ತಕರಾರು ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ದು. ಅಲ್ಲಿ ಶಕ್ತಿಯ ಪಟ್ಟಿಯೇ ಇಲ್ಲ. ಪೆಟ್ಟು ತಿಂದಷ್ಟೂ ಶೇಕಡಾ ಏರುತ್ತದೆ, ಏರಿದಷ್ಟೂ ದೂರ ಹಾರುತ್ತೀರಿ, ಪರದೆಯಾಚೆ ಹೋದರೆ ಸೋಲು. ಇದು ಫೈಟಿಂಗ್ ಗೇಮ್ ಅಲ್ಲ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆದರೆ ಅದೇ ಸರಣಿಯ ‘ಮೆಲೀ’ 2007ರಲ್ಲಿ, ಮತ್ತೆ 2013ರಲ್ಲಿ ಫೈಟಿಂಗ್ ಗೇಮ್‌ಗಳ ದೊಡ್ಡ ಸ್ಪರ್ಧೆಯಾದ ಇವೊದಲ್ಲಿ ಆಡಿಸಲ್ಪಟ್ಟಿತು. ಇವತ್ತು ಅದಕ್ಕೆ ‘ಪ್ಲಾಟ್‌ಫಾರ್ಮ್ ಫೈಟರ್’ ಎಂಬ ಉಪಪ್ರಕಾರದ ಹೆಸರಿದೆ. ಪ್ರಕಾರವನ್ನು ವ್ಯಾಖ್ಯೆ ಮಾತ್ರ ನಿರ್ಧರಿಸುವುದಿಲ್ಲ, ಯಾರು ಒಟ್ಟಿಗೆ ಕೂತು ಆಡುತ್ತಾರೆ ಎಂಬುದೂ ನಿರ್ಧರಿಸುತ್ತದೆ.

ಇದರ ಜೊತೆ ಇನ್ನೊಂದು ಬೆರಕೆಯನ್ನು ಬೇರ್ಪಡಿಸೋಣ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ‘ಸ್ಟ್ರೀಟ್ ಫೈಟರ್ V’ಗೂ ಪದಕವಿತ್ತು, ‘ಫಿಫಾ ಆನ್‌ಲೈನ್ 4’ಗೂ ಪದಕವಿತ್ತು. ಪದಕ ಸಿಕ್ಕಿತೆಂದು ಸ್ಟ್ರೀಟ್ ಫೈಟರ್ ಸ್ಪೋರ್ಟ್ಸ್ ಗೇಮ್ ಆಗುವುದಿಲ್ಲ. ಇ-ಸ್ಪೋರ್ಟ್ಸ್ ಎಂಬುದು ಗೇಮ್ ಅನ್ನು ಎಲ್ಲಿ, ಹೇಗೆ ಸ್ಪರ್ಧೆಯಾಗಿ ಆಡುತ್ತಾರೆ ಎಂಬುದರ ಹೆಸರು.

1984ರಲ್ಲಿ ಕಂಪ್ಯೂಟರ್ ಗೇಮ್‌ಗಳನ್ನು ವರ್ಗೀಕರಿಸಿದ ಮೊದಲಿಗರಲ್ಲಿ ಒಬ್ಬರಾದ ಕ್ರಿಸ್ ಕ್ರಾಫರ್ಡ್, ಸ್ಪೋರ್ಟ್ಸ್ ಗೇಮ್ ಹಳೆಯ ಕಾಲದ ಉಳಿಕೆ, ಮುಂದೆ ಅದಕ್ಕೆ ಹೆಚ್ಚು ಗಮನ ಸಿಗಲಾರದು ಎಂದು ಭಾವಿಸಿದ್ದರು. ಕಂಪ್ಯೂಟರ್ ಗೇಮ್‌ಗೆ ತನ್ನದೇ ಗುರುತು ಸಿಕ್ಕ ಮೇಲೆ ಪರಿಚಿತ ಕ್ರೀಡೆಗಳ ಊರುಗೋಲು ಅಷ್ಟಾಗಿ ಬೇಕಿಲ್ಲ ಎಂಬುದು ಅವರ ಕಾರಣ. ವಿನ್ಯಾಸದ ಕಣ್ಣಿಂದ ಅದು ಒಪ್ಪುವಂಥದೇ. ಅವರು ಲೆಕ್ಕಕ್ಕೆ ತೆಗೆದುಕೊಳ್ಳದ್ದು ಹೊರಗಿನ ಕ್ರೀಡೆ ಪ್ರತಿ ವರ್ಷ ಹೊಸದಾಗುತ್ತದೆ ಎಂಬುದನ್ನು. ಹೊಸ ತಂಡ, ಹೊಸ ಅಂಗಿ, ಹೊಸ ರೇಟಿಂಗ್ ಇದ್ದರೆ ವರ್ಷಕ್ಕೊಂದು ಆವೃತ್ತಿ ಮಾರಬಹುದು. ಅದೇ ಬಲ ಅದರ ದೌರ್ಬಲ್ಯವೂ ಹೌದು, ಏಕೆಂದರೆ ಹೆಸರುಗಳು ಬಾಡಿಗೆಯವು. ಪರವಾನಗಿ ಇಲ್ಲದೆ ‘ಫಿಫಾ 20’ರಲ್ಲಿ ಯುವೆಂಟಸ್ ತಂಡ ‘ಪಿಯೆಮಾಂಟೆ ಕಾಲ್ಚೊ’ ಎಂದಾಯಿತು. ‘ಕ್ರಿಕೆಟ್ 07’ನಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟು ನಮ್ಮವರೂ ಸೇರಿ ಉಳಿದ ಆಟಗಾರರ ಹೆಸರು ತಿರುಚಿಕೊಂಡಿದ್ದವು, ಸರಿಯಾದ ಹೆಸರು, ಹೊಸ ಅಂಗಿ, ಆಮೇಲೆ ಐಪಿಎಲ್ ತಂಡಗಳು ಎಲ್ಲವನ್ನೂ ಅಭಿಮಾನಿಗಳೇ ಪ್ಯಾಚ್ ಮಾಡಿ ಸೇರಿಸಿದರು. ಅದನ್ನು ತಂದ ಇಎ ಕಂಪನಿ ಆಮೇಲೆ ಕ್ರಿಕೆಟ್ ಗೇಮ್ ತರದಿದ್ದರೂ ಭಾರತದ ಕಂಪ್ಯೂಟರ್‌ಗಳಲ್ಲಿ ಅದು ಉಳಿದದ್ದು ಈ ಕೆಲಸದಿಂದ.

ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ, ಅಂಗಡಿ ಪುಟಕ್ಕೆ ಟ್ಯಾಗ್ ಹಾಕುವವರಿಗೆ ನಮ್ಮ ಸಲಹೆ ಇಷ್ಟು. ಮೊದಲು ವಿಷಯ ಬರೆಯಿರಿ, ಅದರ ಪಕ್ಕದಲ್ಲೇ ಕೈಯ ಕೆಲಸ ಬರೆಯಿರಿ, ಎರಡನ್ನೂ ಒಂದೇ ಪದದಲ್ಲಿ ತುರುಕಬೇಡಿ. ‘ಬಾಕ್ಸಿಂಗ್, ಎದುರಾಳಿಯ ಸನ್ನೆ ಓದುವ ಗೇಮ್’ ಎಂದರೆ ಕೊಳ್ಳುವವರಿಗೆ ಬೇಕಾದದ್ದು ತಿಳಿಯುತ್ತದೆ. 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ಆಟಗಾರರಿಂದಲೇ ಟ್ಯಾಗ್ ಹಾಕಿಸಲು ಶುರುಮಾಡಿದ ಮೇಲೆ ಒಂದು ಗೇಮ್‌ಗೆ ಹಲವು ಹೆಸರು ಇರುವುದಕ್ಕೆ ಅಡ್ಡಿಯೇ ಉಳಿದಿಲ್ಲ.

ಕಾರು ರೇಸ್ ಕೂಡ ಕ್ರೀಡೆಯೇ ಅಲ್ಲವೇ, ರೇಸಿಂಗ್ ಏಕೆ ಬೇರೆ ಪ್ರಕಾರ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಉತ್ತರ ಮತ್ತೆ ಕೌಶಲ ಸಾಗುವ ಪರೀಕ್ಷೆಯಲ್ಲೇ ಇದೆ. ತಿರುವಿಗೆ ಮೊದಲು ಬ್ರೇಕ್, ಒಳಬದಿಯನ್ನು ಮುಟ್ಟಿ ಹೊರಬರುವ ಗೆರೆ, ಹೊರಬರುವಾಗ ಹದವಾಗಿ ವೇಗ ಏರಿಸುವುದು. ಇಷ್ಟನ್ನು ಒಂದು ಗೇಮ್‌ನಲ್ಲಿ ಕಲಿತವರು ‘ಗ್ರಾನ್ ಟುರಿಸ್ಮೊ’ಗೂ ತರುತ್ತಾರೆ, ಫಾರ್ಮುಲಾ ಒನ್ ಗೇಮ್‌ಗೂ ತರುತ್ತಾರೆ. ಕೈ ಒಂದೇ ಆದದ್ದರಿಂದ ರೇಸಿಂಗ್ ಸ್ಪೋರ್ಟ್ಸ್ ಕಪಾಟಿನಿಂದ ಹೊರಬಂದು ತನ್ನದೇ ಪ್ರಕಾರವಾಯಿತು. ವರ್ಷಕ್ಕೊಂದು ಆವೃತ್ತಿ, ನಿಜವಾದ ಚಾಲಕರು, ಹೊರಗಿನ ನಿಯಮಪುಸ್ತಕ ಎಲ್ಲವೂ ಇರುವ ಫಾರ್ಮುಲಾ ಒನ್ ಗೇಮ್‌ಗೆ ಮಾತ್ರ ಎರಡು ಟ್ಯಾಗ್‌ಗಳನ್ನೂ ಹಾಕಬೇಕು.